ಪೆಟ್ರೋಲ್ ಕಾಸಿಗೆ ಮುಗಿಯದ ಲೆಕ್ಕ

ಪ್ರಶ್ನೆ:

ನಾನು 47 ವರ್ಷದ ಗೃಹಿಣಿ. ಬೆಂಗಳೂರಿನ ವಿಜಯನಗರದಲ್ಲಿ ನಮ್ಮ ಮನೆ. ನಾಲ್ಕು ವರ್ಷದಿಂದ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುತ್ತಿದ್ದೇನೆ. ಬೋರ್ಡು ಹಾಕಿದ ಡೇ ಕೇರ್ ಅಲ್ಲ. ಕೆಲಸಕ್ಕೆ ಹೋಗುವ ತಾಯಂದಿರು ಒಬ್ಬರಿಂದ ಒಬ್ಬರು ಕೇಳಿ ತಿಳಿದು ಬಂದು ಬಿಡುತ್ತಾರೆ. ಈಗ ಐದು ಮಕ್ಕಳಿದ್ದಾರೆ. ಮಧ್ಯಾಹ್ನ 3ರಿಂದ ಸಂಜೆ 7ರವರೆಗೆ ನನ್ನ ಹತ್ತಿರ ಇರುತ್ತಾರೆ. ತಿಂಡಿ, ಹಾಲು, ಹೋಂವರ್ಕ್ ಎಲ್ಲ ನಾನೇ ನೋಡುತ್ತೇನೆ. ತಿಂಗಳಿಗೆ ಒಬ್ಬರಿಗೆ 4,000 ರೂಪಾಯಿ. ಹಾಲು, ದಿನಸಿ, ಗ್ಯಾಸು, ಪಾತ್ರೆ ತೊಳೆಯುವವರ ಸಂಬಳ ಎಂದು ಸುಮಾರು 6,000 ಖರ್ಚಾಗುತ್ತದೆ.

ಮೂರು ಮಕ್ಕಳು ಪಕ್ಕದ ರಸ್ತೆಯ ಶಾಲೆಯವರು. ಮೊದಲಿಂದಲೂ ನಾನೇ ನಡೆದು ಹೋಗಿ ಕರೆತರುತ್ತಿದ್ದೆ, ಅದಕ್ಕೆ ಬೇರೆ ದುಡ್ಡು ತೆಗೆದುಕೊಂಡಿಲ್ಲ. ಈ ಜೂನ್‌ನಲ್ಲಿ ನಾಲ್ಕನೆಯ ಹುಡುಗನನ್ನು ನಾಗರಭಾವಿ ಕಡೆಯ ಶಾಲೆಗೆ ಸೇರಿಸಿದರು. ನಮ್ಮ ಮನೆಯಿಂದ ನಾಲ್ಕೂವರೆ ಕಿಲೋಮೀಟರ್. "ಹೇಗೂ ನಿಮ್ಮ ಹತ್ರ ಸ್ಕೂಟಿ ಇದೆಯಲ್ಲಾ ಆಂಟಿ, ಅವನನ್ನೂ ಕರ್ಕೊಂಡು ಬಂದ್ಬಿಡಿ, ಪೆಟ್ರೋಲ್ ಕಾಸು ಕೊಡ್ತೀನಿ" ಎಂದರು ಅವರಮ್ಮ. ತಿಂಗಳಿಗೆ 500 ಕೊಡುತ್ತಾರೆ. ಐದನೆಯ ಹುಡುಗಿಯನ್ನು ಅವಳ ತಾತ ತಂದು ಬಿಡುತ್ತಿದ್ದರು. ಅವರು ಊರಿಗೆ ಹೊರಟರು. ಅವಳ ಶಾಲೆಯೂ ಅದೇ ದಾರಿಯಲ್ಲಿ, ಒಂದು ಕಿಲೋಮೀಟರ್ ಸುತ್ತು ಅಷ್ಟೆ. ಎರಡು ವಾರದಿಂದ ಅವಳನ್ನೂ ಹತ್ತಿಸಿಕೊಂಡು ಬರುತ್ತಿದ್ದೇನೆ. ಹುಡುಗ ಮುಂದೆ ನಿಲ್ಲುತ್ತಾನೆ, ಹುಡುಗಿ ಹಿಂದೆ ಕೂರುತ್ತಾಳೆ.

2.40ಕ್ಕೆ ಮನೆ ಬಿಟ್ಟರೆ ವಾಪಸ್ ಬರುವುದು 3.50ಕ್ಕೆ. ಅಷ್ಟರಲ್ಲಿ ಹತ್ತಿರದ ಮೂವರನ್ನು ನಮ್ಮ ಯಜಮಾನರು ಕರೆತಂದು ಕೂರಿಸಿಕೊಂಡಿರುತ್ತಾರೆ. ಅವರು ಒಂದು ವಾರ ಊರಿಗೆ ಹೋದಾಗ ಎದುರು ಮನೆಯ ಹುಡುಗಿಯನ್ನು ದಿನಕ್ಕೆ 100 ರೂಪಾಯಿಗೆ ಒಪ್ಪಿಸಿದ್ದೆ.

ಖರ್ಚು ತೂಗಲಿ ಎಂದು ಜುಲೈನಲ್ಲಿ ಎಲ್ಲರಿಗೂ 300 ರೂಪಾಯಿ ಹೆಚ್ಚು ಹೇಳಿದೆ. ಹತ್ತಿರದ ಶಾಲೆಯ ಮಗುವಿನ ತಾಯಿ, "ಯಾರದೋ ಮಗು ದೂರ ಹೋದರೆ ನಾವೇಕೆ ಕೊಡಬೇಕು?" ಎಂದು ಕೇಳಿದರು. ಹುಡುಗನ ತಾಯಿಗೆ ಇನ್ನೂ ಸ್ವಲ್ಪ ಕೊಡಿ ಎಂದಿದ್ದಕ್ಕೆ, "ಬಸ್ಸಲ್ಲಿ ಹೋದರೆ ನಿಮಗೆ ಫ್ರೀ ಅಲ್ವಾ ಆಂಟಿ?" ಎಂದರು. ಮಕ್ಕಳ ವಿಷಯದಲ್ಲಿ ದುಡ್ಡಿನ ಲೆಕ್ಕ ಹಾಕುತ್ತಿದ್ದೇನೆ ಎಂದು ನನಗೇ ಬೇಜಾರು. ಎಷ್ಟು ಕೇಳಲಿ? ಯಾರನ್ನು ಕೇಳಲಿ? ರಜೆ ಬಂದರೆ ಕಡಿತ ಮಾಡಬೇಕಾ? ಹೇಗೆ ಹೇಳಲಿ?

ಹೆಸರು ಬೇಡ, ವಿಜಯನಗರ

ಉತ್ತರ:

ನೀವು ಕೇಳದೆ ಬಿಟ್ಟ ಒಂದು ಪ್ರಶ್ನೆಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅದು ಉಳಿದೆಲ್ಲಕ್ಕಿಂತ ಅವಸರದ್ದು. ಸ್ಕೂಟರಿನಲ್ಲಿ ಇಬ್ಬರು ಮಕ್ಕಳನ್ನು ಕರೆತರುವುದನ್ನು ನಾಳೆಯಿಂದಲೇ ನಿಲ್ಲಿಸಿ. 1988ರ ಮೋಟಾರು ವಾಹನ ಕಾಯ್ದೆಯ 128ನೇ ಕಲಂ ಪ್ರಕಾರ ದ್ವಿಚಕ್ರ ವಾಹನದಲ್ಲಿ ಓಡಿಸುವವರ ಜೊತೆ ಇನ್ನೊಬ್ಬರಿಗೆ ಮಾತ್ರ ಅವಕಾಶ. ಚಿಕ್ಕವರು, ಹಗುರ ಇದ್ದಾರೆ ಎಂಬ ವಿನಾಯಿತಿ ಅದರಲ್ಲಿಲ್ಲ. ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಕಡ್ಡಾಯ. ಕಾನೂನು ಹಾಗಿರಲಿ, ಮುಂದೆ ನಿಂತ ಹುಡುಗನನ್ನು ನೆನೆಸಿಕೊಳ್ಳಿ. ನೀವು ದಿಢೀರ್ ಬ್ರೇಕ್ ಹಾಕಿದರೆ ಅವನ ಗದ್ದ ಹ್ಯಾಂಡಲಿಗೆ ಬಡಿಯುತ್ತದೆ. ನಿಮ್ಮ ಎರಡು ಕೈಯೂ ಹ್ಯಾಂಡಲ್ ಮೇಲಿರುವಾಗ ಅವನನ್ನು ಹಿಡಿಯುವ ಕೈ ಯಾವುದು? ಮಧ್ಯಾಹ್ನ ಮೂರರ ಹೊತ್ತಿಗೆ ಶಾಲೆಗಳ ಮುಂದೆ ವ್ಯಾನು, ಆಟೋ, ಕಾರು ಎಲ್ಲ ಒಟ್ಟಿಗೆ ನುಗ್ಗುವುದನ್ನು ನೀವೇ ದಿನಾ ನೋಡುತ್ತೀರಿ.

ಸ್ಕೂಟರಿನ ಬಗ್ಗೆ ಇನ್ನೂ ಒಂದು ವಿಷಯ ತಿಳಿದಿರಬೇಕು. ಬಿಳಿ ಬೋರ್ಡಿನ ಸ್ವಂತ ವಾಹನವನ್ನು ಬಾಡಿಗೆಗೆ ಓಡಿಸಲು ಪರವಾನಗಿ ಇರುವುದಿಲ್ಲ. ಖಾಸಗಿ ವಾಹನದ ವಿಮಾ ಪಾಲಿಸಿಯೂ ಬಾಡಿಗೆಗೆ ಅಥವಾ ಪ್ರತಿಫಲಕ್ಕೆ ಬಳಸುವುದನ್ನು ಹೊರಗಿಟ್ಟಿರುತ್ತದೆ. ಬೇರೆಯವರ ಮಗುವನ್ನು ಕರೆತರಲು ತಿಂಗಳಿಗೆ ಇಷ್ಟು ಎಂದು ನೀವು ದುಡ್ಡು ಪಡೆಯುತ್ತಿರುವಾಗ ಏನಾದರೂ ಅನಾಹುತವಾದರೆ, ವಿಮಾ ಕಂಪನಿ ಮೊದಲು ಕೇಳುವ ಪ್ರಶ್ನೆ ಅದೇ. ಹಾಗಾಗಿ ಒಂದೇ ಮಗು ಇದ್ದರೂ ದಿನನಿತ್ಯದ ಈ ಕೆಲಸಕ್ಕೆ ಸ್ಕೂಟರು ಬೇಡ ಎನ್ನುವುದೇ ನನ್ನ ಸಲಹೆ. ಬದಲು ದಾರಿ ಇದೆ, ಅದನ್ನು ಕೆಳಗೆ ಹೇಳುತ್ತೇನೆ. ದರದ ಲೆಕ್ಕವೂ ಅದರಿಂದಲೇ ಸಲೀಸಾಗುತ್ತದೆ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಹುಡುಗನ ತಾಯಿ ನಿಮ್ಮ ಪ್ರಯಾಣವನ್ನು ಪೆಟ್ರೋಲಿನಲ್ಲಿ ಅಳೆಯುತ್ತಿದ್ದಾರೆ. ನೀವೂ ಅದನ್ನೇ ಒಪ್ಪಿಕೊಂಡಿದ್ದೀರಿ. ಗೊಂದಲವೆಲ್ಲ ಹುಟ್ಟಿದ್ದು ಅಲ್ಲಿ. ಬಸ್ಸಿನ ಮಾತನ್ನೇ ತೆಗೆದುಕೊಳ್ಳಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಿಮಗೆ ಬಿಎಂಟಿಸಿ ಟಿಕೆಟ್ ಶೂನ್ಯ ನಿಜ. ಆದರೆ ಸ್ಟಾಪಿಗೆ ನಡೆದು, ಬಸ್ಸಿಗೆ ಕಾದು, ಇಳಿದು ಶಾಲೆಗೆ ನಡೆದು, ಮಗುವಿನ ಕೈಹಿಡಿದು ಮತ್ತೆ ಅದೇ ದಾರಿಯಲ್ಲಿ ಬರುವಷ್ಟರಲ್ಲಿ ಈಗಿನದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತೂ ಮನೆಯಲ್ಲಿ ಮೂವರು ಮಕ್ಕಳ ಜೊತೆ ಇನ್ನೊಬ್ಬ ದೊಡ್ಡವರು ಇರಲೇಬೇಕು. ಪ್ರಯಾಣ ಪುಕ್ಕಟೆಯಾದ ಮೇಲೂ ಉಳಿಯುವ ಖರ್ಚಿದೆಯಲ್ಲ, ನೀವು ಕೇಳಬೇಕಾದ ದುಡ್ಡಿನ ಬಹುಪಾಲು ಅದೇ. ನಿಮ್ಮ ಹೊತ್ತು, ಮನೆಯಲ್ಲಿ ಬೇಕಾಗುವ ಇನ್ನೊಂದು ಜೊತೆ ಕೈ, ರಸ್ತೆಯಲ್ಲಿ ಆ ಮಗುವಿನ ಹೊಣೆ. ವಾಹನದ ಖರ್ಚು ಇವುಗಳ ಮುಂದೆ ಸಣ್ಣದು.

ನೀವೇ ಕೊಟ್ಟ ಅಂಕಿಗಳಿಂದ ಲೆಕ್ಕ ಹಾಕೋಣ. ಐದು ಮಕ್ಕಳಿಂದ ತಿಂಗಳಿಗೆ 20,000. ಖರ್ಚು 6,000 ಕಳೆದರೆ ಕೈಗೆ ಉಳಿಯುವುದು 14,000. ದಿನಕ್ಕೆ ನಾಲ್ಕು ಗಂಟೆ, ತಿಂಗಳಿಗೆ 20 ದಿನ ಎಂದರೆ 80 ಗಂಟೆ. ಅಂದರೆ ನಿಮ್ಮ ಒಂದು ಗಂಟೆಯ ದುಡಿಮೆ 175 ರೂಪಾಯಿ. ಈ ಅಂಕಿಯನ್ನು ಒಂದು ಕಡೆ ಬರೆದಿಡಿ. ಹಾಲು, ದಿನಸಿ, ಮಕ್ಕಳ ಸಂಖ್ಯೆ ಬದಲಾದಾಗಲೆಲ್ಲ ಇದೂ ಬದಲಾಗುತ್ತದೆ. ಇದನ್ನು ತಿಳಿಯದೆ ಯಾವ ದರವನ್ನೂ ಹೇಳಬೇಡಿ.

ಮೊದಲು ಸ್ಕೂಟರಿನ ಲೆಕ್ಕ ನೋಡೋಣ, ಆ ತಾಯಿ ಹೋಲಿಸುವುದು ಅದಕ್ಕೇ. ಹೋಗಿ ಬರಲು 9 ಕಿಲೋಮೀಟರ್. ಲೀಟರಿಗೆ 100 ರೂಪಾಯಿ ದಾಟಿದ ಪೆಟ್ರೋಲು, ಲೀಟರಿಗೆ 40-45 ಕಿಲೋಮೀಟರ್ ಓಡುವ ಗಾಡಿ ಎಂದರೆ ಪೆಟ್ರೋಲಿಗೆ 20-25 ರೂಪಾಯಿ. ತಿಂಗಳಿಗೆ 20 ದಿನವಾದರೆ 500ರ ಒಳಗೆ. ಅವರು ಕೊಡುತ್ತಿರುವುದು ಸರಿಯಾಗಿ ಅಷ್ಟನ್ನೇ. ಟೈರು, ಬ್ರೇಕು, ಸರ್ವಿಸಿನ ಸವಕಳಿ ಸೇರಿಸಿದರೆ ಗಾಡಿಯ ಖರ್ಚು ದಿನಕ್ಕೆ 40 ರೂಪಾಯಿ.

ಇನ್ನು ಮನೆಯಲ್ಲಿ ಇರಬೇಕಾದ ದೊಡ್ಡವರು. ನಿಮ್ಮ ಯಜಮಾನರು ದುಡ್ಡು ಕೇಳುವುದಿಲ್ಲ ಎಂದು ಆ ಕೆಲಸಕ್ಕೆ ಬೆಲೆಯಿಲ್ಲ ಎಂದುಕೊಳ್ಳಬೇಡಿ. ಅವರಿಲ್ಲದ ವಾರ ಅದರ ಬೆಲೆ ದಿನಕ್ಕೆ 100 ರೂಪಾಯಿ ಎಂದು ನಿಮಗೆ ಗೊತ್ತಾಗಿದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಅವರಿಗೆ ಹುಷಾರಿಲ್ಲದ ದಿನ, ಮದುವೆಗೆ ಊರಿಗೆ ಹೋದ ದಿನ ಆ 100 ನಿಮ್ಮ ಕೈಯಿಂದ ಹೋಗಬಾರದು.

ಮೂರನೆಯದು ನಿಮ್ಮ ಸಮಯ. ಇಲ್ಲಿ ಎಚ್ಚರ ಬೇಕು, ಎರಡು ಸಲ ಲೆಕ್ಕ ಹಾಕಬಾರದು. ಮೂರು ಗಂಟೆಯ ನಂತರದ ಹೊತ್ತಿಗೆ ಐದೂ ಮಕ್ಕಳ ತಿಂಗಳ ಶುಲ್ಕದಲ್ಲಿ ಆಗಲೇ ದುಡ್ಡು ಬಂದಿದೆ. ನೀವು ಹೆಚ್ಚುವರಿಯಾಗಿ ಕೊಡುತ್ತಿರುವುದು 2.40ರಿಂದ 3ರವರೆಗಿನ 20 ನಿಮಿಷ. ಗಂಟೆಗೆ 175ರಂತೆ ಅದು 58 ರೂಪಾಯಿ. 60 ಎಂದಿಟ್ಟುಕೊಳ್ಳೋಣ. ಪೋಷಕರ ಮುಂದೆ ಲೆಕ್ಕ ಇಡುವಾಗ ಈ ಪ್ರಾಮಾಣಿಕತೆ ನಿಮಗೆ ಬಲ ಕೊಡುತ್ತದೆ. ಒಂದು ಗಂಟೆ ಹತ್ತು ನಿಮಿಷಕ್ಕೂ ದುಡ್ಡು ಕೇಳಿದರೆ, "ಅದರಲ್ಲಿ ಮುಕ್ಕಾಲು ಗಂಟೆಗೆ ಫೀಸು ಕೊಟ್ಟಿದ್ದೇವಲ್ಲ" ಎಂದು ಅವರು ಹೇಳಬಹುದು, ಆ ಮಾತು ಸರಿಯೂ ಹೌದು.

ಒಟ್ಟು 40, 100, 60 ಸೇರಿ ದಿನಕ್ಕೆ 200 ರೂಪಾಯಿ. ತಿಂಗಳಿಗೆ 4,000. ಇಡೀ ತಿಂಗಳು ಮಗುವನ್ನು ನೋಡಿಕೊಳ್ಳಲು ನೀವು ಪಡೆಯುವಷ್ಟೇ ಮೊತ್ತ ಅವನನ್ನು ಕರೆತರಲೂ ಬೇಕು! ಜೂನ್‌ನಿಂದ ಉಳಿದ 3,500 ರೂಪಾಯಿಯನ್ನು ನಿಮ್ಮ ಮನೆಯೇ ಭರಿಸುತ್ತಿದೆ. ಜುಲೈನಲ್ಲಿ ಅದರ ಒಂದು ಭಾಗವನ್ನು ನೀವು ಉಳಿದ ಮನೆಗಳಿಗೆ ದಾಟಿಸಿದಿರಿ.

ಈಗ ಬದಲು ದಾರಿ. ಮೀಟರ್ ಹಾಕುವ, ಹಳದಿ ಬೋರ್ಡಿನ ಆಟೋ. 2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ನಂತರ ಪ್ರತಿ ಕಿಲೋಮೀಟರಿಗೆ 18 ರೂಪಾಯಿ ದರ ನಿಗದಿಯಾಗಿದೆ. 9 ಕಿಲೋಮೀಟರಿಗೆ 162 ರೂಪಾಯಿ. ಶಾಲೆಯ ಹತ್ತಿರ ಕಾಯಿಸಿದರೆ ಮೊದಲ ಐದು ನಿಮಿಷ ಉಚಿತ, ಆಮೇಲೆ ಪ್ರತಿ 15 ನಿಮಿಷಕ್ಕೆ 10 ರೂಪಾಯಿ. ಒಟ್ಟು 172. ಮನೆಯವರ 100, ನಿಮ್ಮ 60 ಸೇರಿಸಿ. ಒಂದೇ ಮಗುವಿಗಾದರೆ ದಿನಕ್ಕೆ 332, ತಿಂಗಳಿಗೆ 6,640. ಯಾವ ತಾಯಿಗೂ ಇದು ಭಾರವೇ. ನನ್ನ ಮಟ್ಟಿಗೆ ಒಂದು ಮಗುವಿಗಾಗಿ ಈ ಏರ್ಪಾಡು ಬೇಡವೇ ಬೇಡ.

ಆದರೆ ನಿಮ್ಮಲ್ಲಿ ಇಬ್ಬರಿದ್ದಾರೆ. ಆಟೋದಲ್ಲಿ ಮೂವರು ಪ್ರಯಾಣಿಕರಿಗೆ ಜಾಗ, ಅಂದರೆ ನೀವು ಮತ್ತು ಇಬ್ಬರು ಮಕ್ಕಳು. ಮೊದಲಿನ 332ನ್ನು ಎರಡು ಮನೆಗಳಿಗೆ ಸಮ ಹಂಚಿದರೆ ತಲಾ 166. ಹುಡುಗಿಯ ಶಾಲೆಗಾಗಿ ಸುತ್ತುವ ಒಂದು ಕಿಲೋಮೀಟರಿನ 18 ರೂಪಾಯಿ ಹುಡುಗಿಯ ಮನೆಯವರದೇ. ಹುಡುಗನಿಗೆ 166, ಹುಡುಗಿಗೆ 184. ತಿಂಗಳಿಗೆ 3,320 ಮತ್ತು 3,680. ಸ್ಕೂಟರಿನಲ್ಲಿ ಒಬ್ಬನನ್ನು ತರುವ ನಿಜವಾದ ಖರ್ಚಿಗಿಂತ ಆಟೋದಲ್ಲಿ ಇಬ್ಬರನ್ನು ತರುವ ಖರ್ಚು ತಲೆಗೆ ಕಡಿಮೆ! ಮಳೆಗೆ ನೆನೆಯುವುದಿಲ್ಲ, ನಿಮ್ಮ ಎರಡೂ ಕೈ ಮಕ್ಕಳಿಗೆ ಸಿಗುತ್ತವೆ, ವಿಮೆಯ ಆತಂಕ ಇಲ್ಲ. ಗೊತ್ತಿರುವ ಆಟೋದವರೊಬ್ಬರನ್ನು ತಿಂಗಳ ಲೆಕ್ಕಕ್ಕೆ ಮಾತಾಡಿಕೊಂಡರೆ ದಿನಾ ಹುಡುಕುವ ಕಷ್ಟವೂ ತಪ್ಪುತ್ತದೆ. ಅವರು ಮೀಟರಿಗಿಂತ ಕಡಿಮೆಗೆ ಒಪ್ಪಿದರೆ ಆ ಉಳಿತಾಯವನ್ನು ಎರಡೂ ಮನೆಗಳಿಗೆ ಬಿಟ್ಟುಕೊಡಿ. ಆಟೋ ದುಡ್ಡಿನಲ್ಲಿ ನಿಮಗೆ ಒಂದು ಪೈಸೆಯೂ ಉಳಿಯಬಾರದು, ನಿಮ್ಮ ಪಾಲು 160ರಲ್ಲಿದೆ.

ಪೋಷಕರಿಗೆ ದರ ಹೇಳುವಾಗಲೂ ಈ ಎರಡನ್ನೂ ಬೇರೆ ಬೇರೆಯಾಗಿಯೇ ಬರೆಯಿರಿ: ಆಟೋ ಖರ್ಚು ಇಷ್ಟು, ಜೊತೆಗೆ ಹೋಗಿಬರುವ ಶುಲ್ಕ ಇಷ್ಟು. ಒಟ್ಟಿಗೆ ಒಂದೇ ಮೊತ್ತ ಹೇಳಿದರೆ ಅದು ಪೂರ್ತಿ ನಿಮ್ಮ ಲಾಭದಂತೆ ಕಾಣುತ್ತದೆ. ಬಿಡಿಸಿ ಹೇಳಿದರೆ ಯಾವ ರೂಪಾಯಿ ಎಲ್ಲಿಗೆ ಹೋಗುತ್ತದೆ ಎಂದು ಅವರೇ ನೋಡಿಕೊಳ್ಳುತ್ತಾರೆ. ಸರ್ಕಾರ ಆಟೋ ದರ ಪರಿಷ್ಕರಿಸಿದ ದಿನ ಆ ಸಾಲು ಮಾತ್ರ ಬದಲಾಗುತ್ತದೆ, ನಿಮ್ಮ ಶುಲ್ಕದ ಬಗ್ಗೆ ಮತ್ತೆ ಚೌಕಾಸಿ ನಡೆಯುವುದಿಲ್ಲ.

ಇಷ್ಟು ಹೇಳಿದ ಮೇಲೆ ಮೂರನೆಯ ದಾರಿಯನ್ನೂ ಹೇಳದಿದ್ದರೆ ಹುಡುಗನ ತಾಯಿಗೆ ಅನ್ಯಾಯವಾಗುತ್ತದೆ. ಶಾಲೆಯ ವಾಹನವೋ, ಪರವಾನಗಿ ಇರುವ ಖಾಸಗಿ ವ್ಯಾನೋ ವಿಜಯನಗರದ ಕಡೆ ಬರುತ್ತದೆಯೇ ಎಂದು ಅವರು ವಿಚಾರಿಸಲಿ. ಬಂದರೆ ಮಗುವನ್ನು ನಿಮ್ಮ ಬಾಗಿಲಿಗೇ ಇಳಿಸಬಹುದು. ಅದು ನಿಮ್ಮ ದರಕ್ಕಿಂತ ಅಗ್ಗವಾದರೆ ಖುಷಿಯಿಂದ ಒಪ್ಪಿ. ನಿಮ್ಮ ಕಸುಬು ಮಕ್ಕಳನ್ನು ನೋಡಿಕೊಳ್ಳುವುದು, 4,000 ರೂಪಾಯಿಯ ಆ ಕೆಲಸ ನಿಮ್ಮಲ್ಲೇ ಉಳಿಯುತ್ತದೆ, 2.40ರ ಓಟ ತಪ್ಪುತ್ತದೆ. ಆಗ ನೀವು ಕೇಳಬೇಕಾದ ಖಾತ್ರಿ ಒಂದೇ: ವ್ಯಾನು ತಡವಾದರೆ ನಿಮಗೆ ಫೋನ್ ಬರಬೇಕು, ಮಗುವನ್ನು ಗೇಟಿನ ಹೊರಗೆ ಬಿಟ್ಟು ಹೋಗದೆ ನಿಮ್ಮ ಕೈಗೇ ಒಪ್ಪಿಸಬೇಕು.

ಹತ್ತಿರದ ಶಾಲೆಯ ಮೂರು ಮನೆಗಳ ವಿಷಯ. ಪ್ರಶ್ನೆ ಕೇಳಿದ ಆ ತಾಯಿಯ ಮಾತು ನ್ಯಾಯವಾದದ್ದು. ಪ್ರಯಾಣದ ಖರ್ಚನ್ನು ಪ್ರಯಾಣ ಬೇಕಾದವರೇ ಕೊಡಬೇಕು. ಜುಲೈನಿಂದ ಹೆಚ್ಚಿಸಿದ 300ನ್ನು ಆ ಮೂವರಿಗೆ ಮುಂದಿನ ತಿಂಗಳ ಶುಲ್ಕದಲ್ಲಿ ಹೊಂದಿಸಿಬಿಡಿ. ಹಾಲು, ದಿನಸಿ ದುಬಾರಿಯಾಗಿದೆ ಎಂಬ ಕಾರಣಕ್ಕೆ ಶುಲ್ಕ ಹೆಚ್ಚಿಸಬೇಕಿದ್ದರೆ ಅದನ್ನು ಬರುವ ಜೂನ್‌ಗೆ, ಎಲ್ಲರಿಗೂ ಸಮನಾಗಿ, ಅದೇ ಕಾರಣ ಹೇಳಿ ಮಾಡಿ. ಎರಡನ್ನೂ ಬೆರೆಸಬೇಡಿ.

ಅವರಿಗೆ ಹೇಳಲೇಬೇಕಾದ ಇನ್ನೊಂದು ಮಾತಿದೆ. 2.40ರಿಂದ 3.50ರವರೆಗೆ ತಮ್ಮ ಮಕ್ಕಳ ಜೊತೆ ನೀವಿಲ್ಲ, ನಿಮ್ಮ ಯಜಮಾನರಿದ್ದಾರೆ ಎಂದು ಅವರಿಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಈ ವಾರವೇ ತಿಳಿಸಿ. ಯಜಮಾನರಿಲ್ಲದ ದಿನ ಎದುರು ಮನೆಯ ಹುಡುಗಿ ಇರುತ್ತಾಳೆ ಎಂದಾದರೆ ಅವಳನ್ನೂ ಪರಿಚಯಿಸಿ. ಮಗುವನ್ನು ಯಾರ ಕೈಗೆ ಒಪ್ಪಿಸಿದ್ದೇವೆ ಎಂದು ತಿಳಿಯುವ ಹಕ್ಕು ತಂದೆ ತಾಯಿಗಿದೆ. ಒಬ್ಬರಾದರೂ ಬೇಡ ಎಂದರೆ ದೂರದ ಪಿಕಪ್ಪನ್ನೇ ಮತ್ತೆ ಯೋಚಿಸಬೇಕಾಗುತ್ತದೆ. ನಾಲ್ಕು ವರ್ಷದಿಂದ ನಂಬಿ ಬಂದ ಮನೆಗಳಿಗೆ ಮೊದಲ ಆದ್ಯತೆ.

ರಜೆಯ ಕಡಿತದ ಬಗ್ಗೆ ಕೇಳಿದ್ದೀರಿ. ದಿನದ ಲೆಕ್ಕ ಬೇಡ, ಜಗಳ ಶುರುವಾಗುವುದೇ ಅಲ್ಲಿ. ಶಿಕ್ಷಣ ಹಕ್ಕು ಕಾಯ್ದೆ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ ಇರಬೇಕೆನ್ನುತ್ತದೆ. ಜೂನ್‌ನಿಂದ ಮಾರ್ಚ್‌ವರೆಗಿನ 10 ತಿಂಗಳಿಗೆ ಹಂಚಿದರೆ ತಿಂಗಳಿಗೆ 20 ದಿನ. ಮೇಲಿನ ಲೆಕ್ಕವೆಲ್ಲ ಅದೇ 20 ದಿನದ ಮೇಲಿದೆ. ದಸರಾ ರಜೆಯ ತಿಂಗಳು ಕಡಿಮೆ ದಿನ ಹೋಗುತ್ತೀರಿ, ಮತ್ತೊಂದು ತಿಂಗಳು 22 ದಿನ ಹೋಗುತ್ತೀರಿ, ವರ್ಷದಲ್ಲಿ ಸರಿಹೋಗುತ್ತದೆ. ಹತ್ತೂ ತಿಂಗಳು ಒಂದೇ ಮೊತ್ತ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಪಿಕಪ್ ಶುಲ್ಕ ಇಲ್ಲ. ಇಷ್ಟು ಮೊದಲೇ ಹೇಳಿದರೆ ಅಕ್ಟೋಬರ್‌ನಲ್ಲಿ ಯಾರೂ ಕ್ಯಾಲೆಂಡರ್ ಹಿಡಿದು ಬರುವುದಿಲ್ಲ. ಅವರ ಶಾಲೆಯ ಕ್ಯಾಲೆಂಡರ್‌ನಲ್ಲಿ ದಿನಗಳು ಇದಕ್ಕಿಂತ ತೀರಾ ಹೆಚ್ಚಿದ್ದರೆ ಅದನ್ನೇ 10ರಿಂದ ಭಾಗಿಸಿಕೊಳ್ಳಿ.

ಮಗುವಿಗೆ ಜ್ವರ ಬಂದು ಶಾಲೆಗೆ ಹೋಗದ ದಿನವೂ ಕಡಿತವಿಲ್ಲ, ಏಕೆಂದರೆ ಇನ್ನೊಂದು ಮಗುವಿಗಾಗಿ ಆಟೋ ಹೋಗಿಯೇ ಹೋಗುತ್ತದೆ. ಮಳೆಗೋ ಬಂದ್‌ಗೋ ದಿಢೀರ್ ರಜೆ ಘೋಷಿಸಿದರೂ ಹಾಗೆಯೇ. ನಿಮ್ಮಿಂದಲೇ ಹೋಗಲಾಗದ ದಿನ ಮಾತ್ರ ಆ ದಿನದ ಪಾಲು ವಾಪಸ್ ಕೊಡಿ, ಸಾಧ್ಯವಾದಷ್ಟು ಮುಂಚೆ ತಿಳಿಸಿ. ಪರೀಕ್ಷೆಯ ಸಮಯದಲ್ಲಿ ಶಾಲೆ ಮಧ್ಯಾಹ್ನ 12.30ಕ್ಕೇ ಬಿಟ್ಟರೆ ಪ್ರಯಾಣದ ದರ ಅಷ್ಟೇ. ಆದರೆ ಮೂರು ಗಂಟೆಗೆ ಮುಂಚೆ ಮಗು ನಿಮ್ಮ ಮನೆಯಲ್ಲಿರುವ ಹೊತ್ತಿಗೆ ಬೇರೆ ಶುಲ್ಕ ಬೇಕು. 4,000ವನ್ನು 80 ಗಂಟೆಗೆ ಭಾಗಿಸಿದರೆ ಗಂಟೆಗೆ 50 ರೂಪಾಯಿ, ಅದರ ಮೇಲೆ ಊಟದ ಖರ್ಚು. ಇದು ಹತ್ತಿರದ ಶಾಲೆಯ ಮಕ್ಕಳಿಗೂ ಅನ್ವಯಿಸಲಿ, ಅವರಿಗೂ ಮುಂಚಿತವಾಗಿ ತಿಳಿಸಿ.

ಎರಡು ಮನೆಗಳಲ್ಲಿ ಒಂದು ಹಿಂದೆ ಸರಿದರೆ? ಆಗ ಇನ್ನೊಂದರ ಮೇಲೆ ಪೂರ್ತಿ ಖರ್ಚು ಬೀಳುತ್ತದೆ. ಅದಕ್ಕಾಗಿ ಒಂದು ತಿಂಗಳ ಮುಂಚೆ ಹೇಳಬೇಕು ಎಂಬ ಷರತ್ತು ಇರಲಿ. ಆ ತಿಂಗಳಲ್ಲಿ ಉಳಿದವರು ವ್ಯಾನು ಹುಡುಕಿಕೊಳ್ಳಬಹುದು.

ಶಾಲೆಯ ಗೇಟಿನಲ್ಲಿ ಆಗಬೇಕಾದ ಕೆಲಸವನ್ನೂ ಪೋಷಕರೇ ಮಾಡಿಕೊಡಬೇಕು. ನಿಮ್ಮ ಫೋಟೋ ಹಾಗೂ ಗುರುತಿನ ಚೀಟಿ ಕೊಟ್ಟು, ಮಗುವನ್ನು ಕರೆದೊಯ್ಯಲು ನಿಮಗೆ ಒಪ್ಪಿಗೆಯಿದೆ ಎಂದು ಶಾಲೆಗೆ ಲಿಖಿತವಾಗಿ ತಿಳಿಸಲಿ. ಎಸ್ಕಾರ್ಟ್ ಕಾರ್ಡ್ ಕೊಡುವ ಶಾಲೆಯಾದರೆ ನಿಮ್ಮ ಹೆಸರಿನಲ್ಲಿ ಒಂದು ಕಾರ್ಡ್ ಮಾಡಿಸಲಿ. ನೀವು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಮಗು ಗೇಟಿನ ಒಳಗೇ ಕಾಯಬೇಕು ಎಂದು ಮಗುವಿಗೂ ಶಿಕ್ಷಕಿಗೂ ಗೊತ್ತಿರಬೇಕು. ಎರಡು ಮನೆಯಿಂದಲೂ ಎರಡೆರಡು ಫೋನ್ ನಂಬರ್ ಇಟ್ಟುಕೊಳ್ಳಿ, ಮೀಟಿಂಗ್‌ನಲ್ಲಿರುವ ತಾಯಿ ಫೋನ್ ಎತ್ತದಿದ್ದರೆ ತಂದೆ ಎತ್ತಬೇಕು.

ಹೇಗೆ ಹೇಳಲಿ ಎಂದಿರಿ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಅವಸರದಲ್ಲಿರುವ ತಾಯಿಗೆ ಹೇಳಬೇಡಿ. ಅವರೂ ಕೆಲಸ ಮುಗಿಸಿ ದಣಿದು ಬಂದಿರುತ್ತಾರೆ, ಎದುರಿಗೆ ಮಗು ನಿಂತಿರುತ್ತದೆ, ಮಾತು ಬೇರೆಲ್ಲೋ ಹೋಗುತ್ತದೆ. ವಾಟ್ಸಾಪಿನಲ್ಲಿ ಬರೆದು ಕಳಿಸಿ, ಭಾನುವಾರ ಫೋನಿನಲ್ಲಿ ಮಾತಾಡಿ. ಹೀಗೆ ಬರೆಯಬಹುದು:

"ನಮಸ್ತೆ. ಸ್ಕೂಟರಿನಲ್ಲಿ ಮಕ್ಕಳನ್ನು ಕರೆತರುವುದು ಸುರಕ್ಷಿತವಲ್ಲ, ವಿಮೆಯೂ ಅನ್ವಯಿಸದಿರಬಹುದು. ಹಾಗಾಗಿ ಅದನ್ನು ನಿಲ್ಲಿಸುತ್ತಿದ್ದೇನೆ. ಬರುವ 1ನೇ ತಾರೀಕಿನಿಂದ ಇಬ್ಬರು ಮಕ್ಕಳನ್ನೂ ಆಟೋದಲ್ಲಿ ನಾನೇ ಜೊತೆಗಿದ್ದು ಕರೆತರಬಲ್ಲೆ. ಆಟೋ ಖರ್ಚಿನ ನಿಮ್ಮ ಪಾಲು ತಿಂಗಳಿಗೆ 1,720, ಕರೆತರುವ ಶುಲ್ಕ 1,600, ಒಟ್ಟು 3,320. ಇದು ಜೂನ್‌ನಿಂದ ಮಾರ್ಚ್‌ವರೆಗೆ ಎಲ್ಲ ತಿಂಗಳೂ ಒಂದೇ, ರಜೆಗೆ ಕಡಿತ ಇರುವುದಿಲ್ಲ. ಪ್ರತಿ ತಿಂಗಳು 5ರೊಳಗೆ ಕೊಡಬೇಕು. ಬೇಡವೆನಿಸಿದರೆ ಒಂದು ತಿಂಗಳು ಮುಂಚೆ ತಿಳಿಸಿ. ಶಾಲೆಯ ವ್ಯಾನಿನಲ್ಲಿ ನಮ್ಮ ಮನೆಗೆ ಇಳಿಸುವ ವ್ಯವಸ್ಥೆ ಮಾಡಿದರೂ ನನಗೆ ಸಂತೋಷವೇ. ಅಲ್ಲಿಯವರೆಗೆ ಏನು ಮಾಡೋಣ ಎಂದು ಭಾನುವಾರ ಮಾತಾಡೋಣ."

ಹುಡುಗಿಯ ಮನೆಗೆ ಕಳಿಸುವಾಗ ಆಟೋ ಪಾಲು 2,080, ಒಟ್ಟು 3,680 ಎಂದು ಬದಲಿಸಿ, ಸುತ್ತಿನ ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಜೂನ್‌ನಿಂದ ಈಚೆಗೆ ಆದ ನಷ್ಟವನ್ನು ಕೇಳಲು ಹೋಗಬೇಡಿ. 500ಕ್ಕೆ ಒಪ್ಪಿ ಮಾಡಿದ ಕೆಲಸ ಅದು, ಅಲ್ಲಿಗೆ ಮುಗಿಯಿತು. ಹೊಸ ದರ ಮುಂದಿನ ತಿಂಗಳಿನಿಂದ. ಈ ತಿಂಗಳು ಉಳಿದಿರುವ ದಿನಗಳಿಗೆ ಆಟೋ ಖರ್ಚನ್ನು ಎರಡೂ ಮನೆಯವರು ಇದ್ದಷ್ಟು ಹಂಚಿಕೊಳ್ಳಲಿ, ನಿಮ್ಮ ಶುಲ್ಕವನ್ನು ಬಿಟ್ಟುಕೊಡಿ.

ಪ್ರತಿ ತಿಂಗಳು ದುಡ್ಡು ಬಂದ ಮೇಲೆ ಒಂದು ರಸೀದಿ ಕೊಡುವ ಅಭ್ಯಾಸ ಮಾಡಿಕೊಳ್ಳಿ. ಕೆಲವು ಕಂಪನಿಗಳು ಉದ್ಯೋಗಿಗಳ ಡೇ ಕೇರ್ ಖರ್ಚಿನಲ್ಲಿ ಪಾಲು ಕೊಡುತ್ತವೆ. ಕಾನೂನಿನ ಪ್ರಕಾರ 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳು ಶಿಶುಪಾಲನಾ ಸೌಲಭ್ಯ ಒದಗಿಸಬೇಕು. ಹುಡುಗನ ತಾಯಿ ತಮ್ಮ ಎಚ್‌ಆರ್ ವಿಭಾಗದಲ್ಲಿ ಒಮ್ಮೆ ಕೇಳಿ ನೋಡಲಿ. ಸಿಕ್ಕರೆ ಅವರ ಹೊರೆ ಇಳಿಯುತ್ತದೆ, ಅದಕ್ಕೆ ನಿಮ್ಮ ರಸೀದಿಯೇ ಆಧಾರ.

ಕೊನೆಗೆ ನಿಮ್ಮ ಬೇಜಾರಿನ ಮಾತು. ಮಕ್ಕಳ ವಿಷಯದಲ್ಲಿ ಲೆಕ್ಕ ಹಾಕುವುದು ಸಣ್ಣತನ ಎಂಬ ಭಾವನೆ ನಮ್ಮ ಹೆಣ್ಣುಮಕ್ಕಳಲ್ಲಿ ಆಳವಾಗಿ ಕೂತಿದೆ. ಮಗುವಿಗೆ ಹಾಲು ಬಿಸಿಮಾಡಿ ಕೊಡುವ ಕೈ ದುಡ್ಡು ಕೇಳಬಾರದು ಎಂದು ಮನೆಯಲ್ಲೂ ಹೊರಗೂ ಕಲಿಸಿಬಿಟ್ಟಿದ್ದಾರೆ. ಅದೇ ಮನೆಯವರು ಶಾಲೆಯ ಫೀಸು, ಯೂನಿಫಾರ್ಮು, ವ್ಯಾನಿನ ದುಡ್ಡು ಕೊಡುವಾಗ ಯಾರೂ ನೊಂದುಕೊಳ್ಳುವುದಿಲ್ಲ. ಆ ಹುಡುಗ ಬಿದ್ದು ಮಂಡಿ ತರಚಿಕೊಂಡಾಗ ನೀವು ಎತ್ತಿಕೊಂಡಿದ್ದಕ್ಕೆ ಯಾರೂ ಬಿಲ್ ಮಾಡುತ್ತಿಲ್ಲ, ಮಾಡಲೂ ಬಾರದು. ಬಿಲ್ ಆಗಬೇಕಾದದ್ದು ನಿಮ್ಮ 20 ನಿಮಿಷ, ನಿಮ್ಮ ಯಜಮಾನರ ಒಂದು ಗಂಟೆ, ಆಟೋದ ಮೀಟರು. ಇವಕ್ಕೆ ದುಡ್ಡು ಬರದಿದ್ದರೆ ಒಂದಲ್ಲ ಒಂದು ದಿನ ನಿಮಗೆ ಸಾಕಾಗುತ್ತದೆ, ನೀವು ಕೈಚೆಲ್ಲುತ್ತೀರಿ, ಆಗ ಐದೂ ಮಕ್ಕಳಿಗೆ ಹೊಸ ಮನೆ ಹುಡುಕಬೇಕಾಗುತ್ತದೆ. ಮಕ್ಕಳ ಮೇಲೆ ನಿಮಗೆ ಪ್ರೀತಿ ಇರುವುದರಿಂದಲೇ ಈ ಲೆಕ್ಕ ಸರಿಯಾಗಿರಬೇಕು.

ಹುಡುಗನ ತಾಯಿ ಒಪ್ಪಬಹುದು, ವ್ಯಾನಿಗೆ ಹೋಗಬಹುದು, ಬೇರೆ ಕಡೆ ಬಿಡುತ್ತೇನೆ ಎನ್ನಲೂಬಹುದು. ಮೂರರಲ್ಲಿ ಯಾವುದಾದರೂ ನಿಮಗೆ ಸೋಲಲ್ಲ. 500 ರೂಪಾಯಿಗೆ ದಿನಾ ಒಂದು ಗಂಟೆ ಹತ್ತು ನಿಮಿಷ ಓಡುವುದಕ್ಕಿಂತ ಆ ಜಾಗಕ್ಕೆ ಪಕ್ಕದ ರಸ್ತೆಯ ಶಾಲೆಯ ಇನ್ನೊಂದು ಮಗು ಬಂದರೆ ನಿಮ್ಮ ಮನೆಗೆ ಹೆಚ್ಚು ಉಳಿಯುತ್ತದೆ. ಇಂದು ರಾತ್ರಿ ಇಬ್ಬರೂ ಕೂತು ಈ ಅಂಕಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ನಿಮ್ಮ ದುಡಿಮೆಯ ಕೆಳಗೆ ಯಜಮಾನರ ದುಡಿಮೆಗೂ ಒಂದು ಸಾಲು ಇರಲಿ. ಆಮೇಲೆ ಸಂದೇಶ ಕಳಿಸಿ.